ದಾರೂಖಾನಾದ ‘ಶಿಪ್ ಸೆಟ್’ ಕೊಳ್ಳುವ ಮುನ್ನ ಇದನ್ನು ಓದಿ

ಮುಂಬಯಿ ಬಳಿಯ ಅಂಬರ್‌ನಾಥ್ ಕಡೆಯ ಒಂದು ಸಣ್ಣ ಕೆಮಿಕಲ್ ಕಾರ್ಖಾನೆ. ಅಲ್ಲಿನ ತುರ್ತು ತಂಡದ ಹುಡುಗರಲ್ಲಿ ಹೆಚ್ಚಿನವರು ಕಲಬುರಗಿ, ವಿಜಯಪುರದವರು; ಸೇಫ್ಟಿ ಸೂಪರ್‌ವೈಸರೂ ನಮ್ಮವರೇ. ತಂಡಕ್ಕೆ ಎಂಟು ಬಿಎ ಸೆಟ್ ಬೇಕಿತ್ತು, ಅಂದರೆ ಹೊಗೆಯೊಳಗೆ ಹೋಗುವವರು ಬೆನ್ನಿಗೆ ಕಟ್ಟಿಕೊಳ್ಳುವ ಉಸಿರಾಟದ ಸಾಧನ. ಗುತ್ತಿಗೆದಾರ ಮುಂಬಯಿಯ ರೇ ರೋಡ್ ಹತ್ತಿರದ ದಾರೂಖಾನಾಕ್ಕೆ ಹೋಗಿ, ಒಡೆದ ಹಡಗುಗಳ ಸಾಮಾನು ಮಾರುವ ಒಬ್ಬ ವ್ಯಾಪಾರಿಯಿಂದ ಎಂಟನ್ನೂ ಒಟ್ಟಿಗೆ ಎತ್ತಿಕೊಂಡು ಬಂದ. ಹೊಸದರ ಕಾಲುಭಾಗದ ಬೆಲೆ. ಜೊತೆಗೆ ಬೆಳ್ಳಿ ಬಣ್ಣದ ನಾಲ್ಕು ಫೈರ್ ಸೂಟ್. ಅಂಗಡಿಯಲ್ಲಿ ನಡೆದ ಪರೀಕ್ಷೆ ಇಷ್ಟೇ: ವಾಲ್ವ್ ತಿರುವಿದರು, ‘ಬುಸ್’ ಎಂದು ಗಾಳಿ ಬಂತು, ಮೀಟರಿನ ಮುಳ್ಳು ಮೇಲೇರಿತು. ‘ಶಿಪ್ ಸೆಟ್, ಫಾರಿನ್ ಮಾಲ್, ಒಂದು ಸಲವೂ ಬಳಸಿಲ್ಲ’ ಎಂಬ ಮಾತಿನ ಮೇಲೆ ಹಣ ಕೈಬದಲಾಯಿತು.

ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನಕ್ಕೆ ಮುಂಚೆ ನಡೆದ ಮಾಕ್ ಡ್ರಿಲ್‌ನಲ್ಲಿ ಬಣ್ಣ ಬಯಲಾಯಿತು. ತಲೆಗೆ ಹುಡ್ ಹಾಕಿಕೊಂಡು ಟ್ಯಾಂಕಿನ ಏಣಿ ಹತ್ತಿದ ಹುಡುಗ ಆರನೇ ನಿಮಿಷಕ್ಕೆ ಹುಡ್ ಕಿತ್ತೆಸೆದು ಮೆಟ್ಟಿಲ ಮೇಲೇ ಕುಸಿದು ಕೂತ. ಇನ್ನೊಬ್ಬನ ಸೆಟ್ಟಿನ ಮೀಟರು 120 ಬಾರ್ ಒತ್ತಡ ತೋರಿಸುತ್ತಿದ್ದಾಗಲೇ ಗಾಳಿ ನಿಂತುಹೋಯಿತು. ಗಾಳಿ ಮುಗಿಯುತ್ತಿದೆ ಎಂದು ಎಚ್ಚರಿಸಬೇಕಿದ್ದ ಶಿಳ್ಳೆ ಕೂಗಲೇ ಇಲ್ಲ. ಅವತ್ತಿನದು ನಾಟಕದ ಸ್ಟೇಜಿನಲ್ಲಿ ಬಿಡುವಂಥ ಹೊಗೆ, ಹಾಗಾಗಿ ಇಬ್ಬರೂ ಮನೆಗೆ ಹೋದರು. ದಟ್ಟವಾದ ಹೈಡ್ರೋಜನ್ ಸಲ್ಫೈಡ್ ವಿಷಾನಿಲ ಆಗಿದ್ದರೆ ಮಾಸ್ಕ್ ತೆಗೆದ ಮೇಲಿನ ಎರಡು ಮೂರು ಉಸಿರಿಗೇ ಕಥೆ ಮುಗಿಯುತ್ತಿತ್ತು.

ಆಮೇಲೆ ಎಂಟನ್ನೂ ಬಿಚ್ಚಿ ನೋಡಿದಾಗ ಕಂಡದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇವೆ. ಡೊಂಬಿವಲಿ, ತಳೋಜಾ, ಅಂಬರ್‌ನಾಥ್ ಪಟ್ಟಿಯಲ್ಲಿ ಸೇಫ್ಟಿ ಕೆಲಸ ಮಾಡುವ ಕನ್ನಡಿಗರು ಬಹಳ ಇದ್ದೀರಿ. ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ 2016ರ ಮೇ ತಿಂಗಳಲ್ಲೊಮ್ಮೆ, 2024ರ ಮೇ ತಿಂಗಳಲ್ಲಿ ಮತ್ತೊಮ್ಮೆ ಕೆಮಿಕಲ್ ಕಾರ್ಖಾನೆ ಸ್ಫೋಟಿಸಿ ಏನಾಯಿತೆಂದು ನಿಮಗೆ ಹೇಳಬೇಕಿಲ್ಲ. ಅಂಥ ದಿನ ಕೈಗೆ ಸಿಗುವ ಸೆಟ್ ಯಾವುದು ಎಂಬುದು ಕೊಳ್ಳುವ ದಿನವೇ ತೀರ್ಮಾನವಾಗಿರುತ್ತದೆ.

ಮೊದಲಿಗೆ, ಎಂಟರಲ್ಲಿ ಮೂರು ಬಿಎ ಸೆಟ್ಟೇ ಅಲ್ಲ. ಅವು ಹಡಗಿನ ಇಇಬಿಡಿ. ಎಂಜಿನ್ ರೂಮಿನಲ್ಲಿ ಬೆಂಕಿ ಬಿದ್ದರೆ ಅಲ್ಲಿಂದ ಡೆಕ್ಕಿಗೆ ಓಡಿ ಪಾರಾಗಲು ಕೊಡುವ ಸಣ್ಣ ಸಾಧನ ಅದು. ಹಡಗುಗಳ ಅಗ್ನಿಸುರಕ್ಷೆಯ ಅಂತರರಾಷ್ಟ್ರೀಯ ನಿಯಮಾವಳಿ, ಅಂದರೆ ಎಫ್‌ಎಸ್‌ಎಸ್ ಕೋಡ್, ಇದಕ್ಕೆ ಕೇಳುವುದು ಕನಿಷ್ಠ 10 ನಿಮಿಷದ ಗಾಳಿ ಮಾತ್ರ. ಬೆಂಕಿ ಆರಿಸಲು ಇದನ್ನು ಬಳಸಬಾರದು, ಆಮ್ಲಜನಕ ಕಡಿಮೆ ಇರುವ ಟ್ಯಾಂಕಿಗೆ ಇದನ್ನು ಹಾಕಿಕೊಂಡು ಇಳಿಯಬಾರದು, ಅಗ್ನಿಶಾಮಕ ಸಿಬ್ಬಂದಿ ಇದನ್ನು ಧರಿಸಬಾರದು ಎಂದು ಅದೇ ಕೋಡ್ ನೇರವಾಗಿ ಹೇಳುತ್ತದೆ. ಅಂಗಡಿಯವನು ಕೈಚೀಲದಿಂದ ತೆಗೆದು, ಬೇರೆ ಸೆಟ್ಟಿನ ಬೆನ್ನುಪಟ್ಟಿಗೆ ಕಟ್ಟಿ ‘ಚಿಕ್ಕ ಬಿಎ’ ಎಂದು ಕೊಟ್ಟಿದ್ದ.

ಹುಡುಗ ಯಾಕೆ ಕುಸಿದ ಎಂಬುದಕ್ಕೆ ಲೆಕ್ಕವಿದೆ. ಈ ಹುಡ್‌ಗಳಲ್ಲಿ ಹೆಚ್ಚಿನವಕ್ಕೆ ಸಿಲಿಂಡರ್ 2ರಿಂದ 3 ಲೀಟರಿನದು, ಒತ್ತಡ 200 ಬಾರ್. 3 ಲೀಟರ್ ಆದರೆ 600 ಲೀಟರ್ ಗಾಳಿ. ನಲ್ಲಿ ಬಿಟ್ಟ ಹಾಗೆ ನಿಮಿಷಕ್ಕೆ ಸುಮಾರು 40 ಲೀಟರ್ ಒಂದೇ ಸಮ ಹರಿಯುತ್ತದೆ. ನಾವು ಜೋರಾಗಿ ಎಳೆದರೆ ಹೆಚ್ಚು ಕೊಡುವ ವ್ಯವಸ್ಥೆ ಅದರಲ್ಲಿಲ್ಲ. ಸಮತಟ್ಟಾದ ದಾರಿಯಲ್ಲಿ ಹೊರಗೋಡುವವನಿಗೆ ಅಷ್ಟು ಸಾಕು. ಏಣಿ ಹತ್ತುವವನಿಗೆ, ಹೋಸ್ ಎಳೆಯುವವನಿಗೆ ಅದಕ್ಕಿಂತ ಬಹಳ ಹೆಚ್ಚು ಬೇಕು. ಗಾಳಿ ಸಾಲದೆ, ಬಿಟ್ಟ ಉಸಿರಿನ ಕಾರ್ಬನ್ ಡೈಆಕ್ಸೈಡ್ ಹುಡ್‌ನೊಳಗೇ ಉಳಿದು ತಲೆ ಸುತ್ತುತ್ತದೆ, ಉಸಿರು ಕಟ್ಟಿದಂತಾಗುತ್ತದೆ, ಕೈ ತಾನಾಗಿ ಹುಡ್ ಕೀಳುತ್ತದೆ. ಸಿಲಿಂಡರಿನಲ್ಲಿ ಗಾಳಿ ಇನ್ನೂ ಇರುವಾಗಲೇ ಇದು ಆಗುತ್ತದೆ. ಗುರುತು ಹಿಡಿಯುವುದು ಸುಲಭ: ಮುಖಕ್ಕೆ ರಬ್ಬರ್ ಅಂಚಿನ ಮಾಸ್ಕ್ ಬದಲು ಪಾರದರ್ಶಕ ಕಿಟಕಿಯ ಚೀಲದಂಥ ಹುಡ್, ಎದೆಯ ಮೇಲೆ ಒತ್ತಡದ ಮೀಟರ್ ಇಲ್ಲ, ಉಸಿರೆಳೆದಷ್ಟು ಗಾಳಿ ಬಿಡುವ ಡಿಮಾಂಡ್ ವಾಲ್ವ್ ಇಲ್ಲ. ಈ ಮೂರರಲ್ಲಿ ಒಂದು ಕಂಡರೂ ವಾಪಸ್ ಇಡಿ.

ಉಳಿದ ಐದು ನಿಜವಾದ ಬಿಎ. ಅವುಗಳ ಕಥೆ ಬೇರೆ.

ಎರಡರಲ್ಲಿ ಶಿಳ್ಳೆಯೇ ಇರಲಿಲ್ಲ. ಕೆಟ್ಟದ್ದಲ್ಲ, ಮೊದಲಿನಿಂದಲೂ ಇಲ್ಲ. ಇದಕ್ಕೊಂದು ಹಿನ್ನೆಲೆ ಇದೆ. ಸೆಟ್ಟಿನ ಗಾಳಿ 200 ಲೀಟರಿಗೆ ಇಳಿಯುವ ಮುಂಚೆ ಧರಿಸಿದವನನ್ನು ಸದ್ದು ಮಾಡಿ ಎಚ್ಚರಿಸುವ ಸಾಧನ ಇರಲೇಬೇಕು ಎಂಬ ನಿಯಮ ಹಡಗುಗಳಿಗೆ ಬಂದದ್ದು 2014ರ ಜುಲೈಯಲ್ಲಿ. ಆಗಲೇ ಓಡುತ್ತಿದ್ದ ಹಡಗುಗಳಿಗೆ 2019ರ ಜುಲೈ 1ರವರೆಗೆ ಗಡುವು ಕೊಟ್ಟಿದ್ದರು. ಗಡುವಿನೊಳಗೆ ಬದಲಾಯಿಸಬೇಕಾಗಿದ್ದ ಶಿಳ್ಳೆಯಿಲ್ಲದ ಹಳೆ ಸೆಟ್‌ಗಳು ಎಲ್ಲೋ ಹೋಗಲೇಬೇಕಲ್ಲ, ಅವು ಭಂಗಾರಕ್ಕೆ, ಅಂದರೆ ಗುಜರಿಗೆ ಬರುತ್ತವೆ. ಅಂದರೆ ‘ಹಡಗಿನದು’ ಎಂಬ ಮಾತು ಗುಣಮಟ್ಟಕ್ಕೆ ಸಾಕ್ಷಿಯಲ್ಲ. ಹಡಗು ಬೇಡವೆಂದು ಇಳಿಸಿದ್ದು ಎಂದೇ ಅದರರ್ಥ ಇರಬಹುದು.

ಮೂರನೆಯದರಲ್ಲಿ ಶಿಳ್ಳೆ ಇತ್ತು, ಬಾಯಿಗೆ ಮಾತ್ರ ಬಣ್ಣ ಮೆತ್ತಿಕೊಂಡಿತ್ತು. ಇಡೀ ಸೆಟ್ಟನ್ನು ಬಿಚ್ಚದೆ ಹಳದಿ ಸ್ಪ್ರೇ ಹೊಡೆದಿದ್ದರು. ಮುಳ್ಳು 120ಕ್ಕೆ ಸಿಕ್ಕಿಕೊಂಡದ್ದೂ ಇದೇ ಸೆಟ್ಟಿನಲ್ಲಿ: ಮೀಟರಿನೊಳಗೆ ನೀರಿಳಿದು ತುಕ್ಕು ಹಿಡಿದಿತ್ತು. ಸಮುದ್ರದ ಉಪ್ಪುಗಾಳಿಯಲ್ಲಿ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿದ್ದ ಹಿತ್ತಾಳೆ, ಉಕ್ಕಿನ ಭಾಗಗಳು ಹೊರಗೆ ಪಳಪಳ ಹೊಳೆದರೂ ಒಳಗೆ ಹೀಗಾಗಿರುತ್ತವೆ.

ಸಿಲಿಂಡರುಗಳದ್ದೇ ಎಲ್ಲಕ್ಕಿಂತ ಭಯದ ವಿಷಯ, ಇಲ್ಲಿ ಸ್ವಲ್ಪ ನಿಲ್ಲಬೇಕು. ಕಾರ್ಬನ್ ಫೈಬರ್ ಸುತ್ತಿದ ಹಗುರ ಸಿಲಿಂಡರುಗಳಲ್ಲಿ ಹೆಚ್ಚಿನವಕ್ಕೆ ಆಯುಷ್ಯ ತಯಾರಾದ ದಿನದಿಂದ 15 ವರ್ಷ. ಬಳಸಿದರೂ ಅಷ್ಟೇ, ಬಳಸದಿದ್ದರೂ ಅಷ್ಟೇ. ಯುರೋಪಿನ ಸಿಲಿಂಡರಿನ ಮೈಮೇಲೆ, ರಾಳದ ಪದರದ ಅಡಿಯಲ್ಲಿರುವ ಲೇಬಲ್ಲಿನಲ್ಲಿ ‘ಎಫ್‌ಐಎನ್’ ಎಂಬ ಮೂರು ಇಂಗ್ಲಿಷ್ ಅಕ್ಷರಗಳ ಪಕ್ಕ ವರ್ಷ, ತಿಂಗಳು ಇರುತ್ತದೆ. ಅದೇ ಕೊನೆಯ ದಿನ. ತಂದ ಎರಡು ಹಗುರ ಸಿಲಿಂಡರುಗಳಲ್ಲಿ ಸರಿಯಾಗಿ ಆ ಜಾಗದ ಮೇಲೆಯೇ ‘ಟೆಸ್ಟ್ ಓಕೆ’ ಎಂಬ ಹೊಸ ಸ್ಟಿಕರ್ ಅಂಟಿಸಿದ್ದರು. ಬಿಸಿನೀರಿನ ಬಟ್ಟೆ ಇಟ್ಟು ಸ್ಟಿಕರ್ ಎಬ್ಬಿಸಿದಾಗ ಎರಡರ ಅವಧಿಯೂ ಮುಗಿದಿತ್ತು. ಅವಧಿ ಮುಗಿದ ಮೇಲೆ ಮಾಮೂಲಿ ಟೆಸ್ಟ್ ಮಾಡಿಸಿದ ಮಾತ್ರಕ್ಕೆ ಅದಕ್ಕೆ ಮರುಜೀವ ಬರುವುದಿಲ್ಲ. 300 ಬಾರ್ ಎಂದರೆ ಕಾರಿನ ಟೈರಿನ ಗಾಳಿಯ ನೂರು ಪಟ್ಟಿಗೂ ಹೆಚ್ಚು ಒತ್ತಡ. ಅದು ಒಬ್ಬ ಮನುಷ್ಯನ ಬೆನ್ನೆಲುಬಿಗೆ ತಾಗಿಕೊಂಡಿರುತ್ತದೆ.

ಉಕ್ಕಿನ ಸಿಲಿಂಡರಾದರೆ ಭುಜದ ಮೇಲೆ ಗುದ್ದಿದ ಅಂಕಿಗಳನ್ನು ಓದಿ: ಕ್ರಮಸಂಖ್ಯೆ, ನೀರಿನ ಅಳತೆಯ ಲೀಟರ್, ಖಾಲಿ ತೂಕ, ಕೆಲಸದ ಒತ್ತಡ, ಪರೀಕ್ಷೆಯ ಒತ್ತಡ, ಪರೀಕ್ಷೆಯ ದಿನಾಂಕ. 300 ಬಾರಿನದಕ್ಕೆ ಪರೀಕ್ಷೆಯ ಒತ್ತಡ 450 ಎಂದಿರುತ್ತದೆ. ನೀರು ತುಂಬಿ ಮಾಡುವ ಹೈಡ್ರೋ ಟೆಸ್ಟ್ ಉಕ್ಕಿಗೆ ಸಾಮಾನ್ಯವಾಗಿ 5 ವರ್ಷಕ್ಕೊಮ್ಮೆ. ಗಾಳಿ ಖಾಲಿ ಮಾಡಿಸಿ ತೂಕ ಹಾಕಿ. ಗುದ್ದಿದ ತೂಕಕ್ಕಿಂತ ಕಡಿಮೆ ಬಂದರೆ ಒಳಗಿನ ಲೋಹ ತುಕ್ಕಾಗಿ ಹೋಗಿದೆ ಎಂದು ತಿಳಿಯಿರಿ. ಅಂಕಿಗಳ ಮೇಲೆ ದಪ್ಪ ಬಣ್ಣ ಇದ್ದರೆ, ಅಂಕಿಗಳ ಸುತ್ತ ಗ್ರೈಂಡರಿನ ಗೀರು ಇದ್ದರೆ ಮಾತು ಮುಂದುವರಿಸಬೇಡಿ.

ಇದೆಲ್ಲ ಸರಿಯಿದ್ದರೂ ಇನ್ನೊಂದು ಗೋಡೆ ಇದೆ. ನಮ್ಮ ದೇಶದಲ್ಲಿ 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ಪ್ರಕಾರ ಪೆಸೊ, ಅಂದರೆ ಕೇಂದ್ರ ಸರ್ಕಾರದ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಯ ಅನುಮೋದನೆ ಇಲ್ಲದ ಸಿಲಿಂಡರಿಗೆ ಗಾಳಿ ತುಂಬುವಂತಿಲ್ಲ. ಪೆಸೊ ಮುಖ್ಯ ಕಚೇರಿ ನಾಗಪುರದಲ್ಲಿ. ಮುಂಬಯಿ ಕಡೆಯವರಿಗೆ ಬೇಲಾಪುರದಲ್ಲೇ ಕಚೇರಿ ಇದೆ. ವಿದೇಶಿ ಹಡಗಿನಿಂದ ಇಳಿದ ಸಿಲಿಂಡರಿಗೆ ಈ ಅನುಮೋದನೆ ಇರುವುದು ಅಪರೂಪ. ಹಾಗಾಗಿ ನಿಯತ್ತಿನ ಫಿಲ್ಲಿಂಗ್ ಸ್ಟೇಷನ್ನಿನವರು ಐದನ್ನೂ ಮುಟ್ಟದೆ ವಾಪಸ್ ಕಳಿಸಿದರು. ತುಂಬಿಕೊಡುವವರು ಸಿಗುವುದಿಲ್ಲ ಎಂದಲ್ಲ, ಸಿಗುತ್ತಾರೆ, ಆದರೆ ಅವರ ಕಂಪ್ರೆಸರಿನ ಗಾಳಿ ಹೇಗಿದೆ ಎಂದು ಕೇಳಬೇಕು. ಉಸಿರಾಟದ ಗಾಳಿಗೆ ಯುರೋಪಿನ ಇಎನ್ 12021 ಮಾನದಂಡದಲ್ಲಿ ಕಾರ್ಬನ್ ಮೊನಾಕ್ಸೈಡ್ 5 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 5 ಭಾಗ) ದಾಟುವಂತಿಲ್ಲ, ಎಣ್ಣೆ ಘನ ಮೀಟರಿಗೆ 0.5 ಮಿಲಿಗ್ರಾಂ ಮೀರುವಂತಿಲ್ಲ. ಕಂಪ್ರೆಸರಿನ ಬಾಯಿ ಲಾರಿ ನಿಲ್ಲುವ ರಸ್ತೆಯ ಕಡೆಗಿದ್ದರೆ ಡೀಸೆಲ್ ಹೊಗೆಯೇ ಬಾಟ್ಲಿಗೆ ಹೋಗುತ್ತದೆ. ‘ಆಕ್ಸಿಜನ್ ತುಂಬಿಕೊಡುತ್ತೇವೆ, ಇನ್ನೂ ಒಳ್ಳೆಯದು’ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಹೊರಡಿ. ವಾಲ್ವಿನೊಳಗೆ ಗ್ರೀಸ್ ಇದ್ದರೆ ಒತ್ತಡದ ಆಮ್ಲಜನಕ ಅಲ್ಲೇ ಬೆಂಕಿ ಹಚ್ಚುತ್ತದೆ.

ಜೋಡಣೆಯಲ್ಲೂ ಒಂದು ಕೈಚಳಕ ಕಂಡಿತು. ಸಿಲಿಂಡರಿನ ಒತ್ತಡವನ್ನು ಇಳಿಸಿ ಕೊಡುವ ಭಾಗ ರೆಗ್ಯುಲೇಟರ್. 200 ಬಾರಿನ ರೆಗ್ಯುಲೇಟರ್ 300 ಬಾರಿನ ವಾಲ್ವಿಗೆ ಕೂರಬಾರದು ಎಂದೇ 300ರ ವಾಲ್ವಿನ ಕುಳಿಯನ್ನು ಆಳವಾಗಿ ಮಾಡಿರುತ್ತಾರೆ. ತಪ್ಪಿ ಜೋಡಿಸಿದರೂ ಸೀಲ್ ಆಗದೆ ಸೋರುತ್ತದೆ. ಆ ಸೋರಿಕೆಯೇ ನಮ್ಮ ರಕ್ಷಣೆ. ಒಂದು ಸೆಟ್ಟಿನಲ್ಲಿ ಲೇತಿನಲ್ಲಿ ಕಡೆದ ಹಿತ್ತಾಳೆಯ ತುಂಡು ನಡುವೆ ಹಾಕಿ ಅದನ್ನು ‘ಸರಿ’ ಮಾಡಿದ್ದರು. 200ಕ್ಕೆಂದು ಮಾಡಿದ ರೆಗ್ಯುಲೇಟರಿಗೆ 300 ಬಾರ್ ಬಿಟ್ಟರೆ ಒಳಗಿನ ಸೀಟು ಎಷ್ಟು ಹೊತ್ತು ತಡೆದೀತು? ರೆಗ್ಯುಲೇಟರ್ ಮತ್ತು ಸಿಲಿಂಡರ್ ನಡುವೆ ಕಂಪನಿಯ ಗುರುತಿಲ್ಲದ ಯಾವ ತುಂಡು ಕಂಡರೂ ಆ ಸೆಟ್ ಬೇಡ.

ಬೆಳ್ಳಿ ಸೂಟುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವು ದೂರದ ಜ್ವಾಲೆಯ ಕಾವನ್ನು ಹಿಂದಕ್ಕೆ ತಿರುಗಿಸುವಂಥವು, ಜ್ವಾಲೆಯೊಳಗೆ ನುಗ್ಗಲು ಅಲ್ಲ. ಮಡಚಿಟ್ಟ ಗೆರೆಗಳಲ್ಲೆಲ್ಲ ಅಲ್ಯೂಮಿನಿಯಂ ಪದರ ಬಿರಿದು ಒಳಬಟ್ಟೆ ಕಾಣುತ್ತಿತ್ತು. ಬಹಳ ಹಳೆಯ ಕಾಲದ ಸೂಟುಗಳನ್ನು ಕಲ್ನಾರಿನ ಬಟ್ಟೆಯಲ್ಲಿ ಹೊಲಿಯುತ್ತಿದ್ದರು, ಅಂದರೆ ಆಸ್ಬೆಸ್ಟಾಸ್. ಲೇಬಲ್ ಇಲ್ಲದ ಹಳೆ ಸೂಟನ್ನು ಕೊಡವಬೇಡಿ, ಹರಿಯಬೇಡಿ.

ಸೆಟ್ ಎಲ್ಲಿಂದಲೇ ಕೊಳ್ಳಿ, ಹೊಸದೇ ಇರಲಿ, ಹಣ ಕೊಡುವ ಮೊದಲು ಐದು ನಿಮಿಷದ ಈ ಪರೀಕ್ಷೆ ಮಾಡಿ. ‘ಬುಸ್’ ಸದ್ದಿನಿಂದ ಗೊತ್ತಾಗುವುದು ಸಿಲಿಂಡರಿನಲ್ಲಿ ಏನೋ ಗಾಳಿ ಇದೆ ಎಂಬುದಷ್ಟೇ. ವಾಲ್ವ್ ಪೂರ್ತಿ ತೆರೆದು ಮೀಟರ್ ಓದಿ, ವಾಲ್ವ್ ಮುಚ್ಚಿ, ಗಡಿಯಾರ ನೋಡುತ್ತ ಒಂದು ನಿಮಿಷ ಕಾಯಿರಿ. ಮುಳ್ಳು 10 ಬಾರಿಗಿಂತ ಹೆಚ್ಚು ಇಳಿದರೆ ಎಲ್ಲೋ ಸೋರುತ್ತಿದೆ. ವಾಲ್ವ್ ಮುಚ್ಚಿಟ್ಟೇ ಡಿಮಾಂಡ್ ವಾಲ್ವಿನಿಂದ ಗಾಳಿಯನ್ನು ತೀರಾ ನಿಧಾನವಾಗಿ ಬಿಡುತ್ತ ಹೋಗಿ. 50ರಿಂದ 60 ಬಾರಿನ ನಡುವೆ ಶಿಳ್ಳೆ ಕೂಗಬೇಕು. ಬೇಗ ಬಿಟ್ಟರೆ ಈ ಪರೀಕ್ಷೆ ಕೆಡುತ್ತದೆ, ಅಂಗಡಿಯವರು ಬೇಗ ಬಿಡುವುದೂ ಅದಕ್ಕೇ. ಪೂರ್ತಿ ಖಾಲಿಯಾದ ಮೇಲೆ ಮುಳ್ಳು ಸೊನ್ನೆಗೆ ಬರಬೇಕು. ಸಿಕ್ಕಿಕೊಂಡ ಮೀಟರ್ ಇಲ್ಲೇ ಸಿಗುತ್ತದೆ. ನಂತರ ಮಾಸ್ಕ್ ಹಾಕಿ, ಗಾಳಿ ಇಲ್ಲದಾಗ ಉಸಿರೆಳೆದರೆ ಅದು ಮುಖಕ್ಕೆ ಅಂಟಿ 10 ಸೆಕೆಂಡ್ ನಿಲ್ಲಬೇಕು. ಗಡ್ಡ ಇದ್ದವರಿಗೆ ನಿಲ್ಲುವುದಿಲ್ಲ, ಅದು ಮಾಸ್ಕಿನ ತಪ್ಪಲ್ಲ. ರಬ್ಬರ್ ಅಂಚನ್ನು ಹೆಬ್ಬೆರಳಿನಿಂದ ಹಿಗ್ಗಿಸಿ ನೋಡಿ, ಕೂದಲೆಳೆಯ ಬಿರುಕುಗಳು ಆಗ ಮಾತ್ರ ಕಾಣುತ್ತವೆ.

‘45 ನಿಮಿಷದ ಸೆಟ್’ ಎಂಬ ಮಾತನ್ನೂ ನಂಬಿ ಕೂರಬೇಡಿ. 6 ಲೀಟರ್, 300 ಬಾರ್ ಎಂದರೆ ಕಾಗದದ ಮೇಲೆ 1800 ಲೀಟರ್. ಅಷ್ಟು ಒತ್ತಡದಲ್ಲಿ ಗಾಳಿ ಇನ್ನು ಕುಗ್ಗಲು ಒಪ್ಪದ ಕಾರಣ ಕೈಗೆ ಬರುವುದು ಸುಮಾರು 1630. ಅದರಲ್ಲಿ ಶಿಳ್ಳೆಯ ನಂತರದ 330 ಲೀಟರ್ ಹಿಂತಿರುಗಲು ಮೀಸಲು. ಉಳಿದ 1300 ಲೀಟರನ್ನು ನಿಮಿಷಕ್ಕೆ 40ರಂತೆ ಉಸಿರಾಡಿದರೆ 32 ನಿಮಿಷ, ಹೋಸ್ ಎಳೆಯುತ್ತ 60ರಂತೆ ಎಳೆದರೆ 21 ನಿಮಿಷ. ಫಿಲ್ಲಿಂಗಿನವನು 200 ಬಾರಿಗೇ ನಿಲ್ಲಿಸಿದ್ದರೆ, ಅದೇ 60ರ ಲೆಕ್ಕದಲ್ಲಿ 15 ನಿಮಿಷವೂ ಇಲ್ಲ. ಕೊಳ್ಳುವಾಗಲೇ ಈ ಲೆಕ್ಕವನ್ನು ತಂಡದ ಹುಡುಗರ ಮುಂದೆ ಅವರ ಮಾತಿನಲ್ಲೇ ಹೇಳಿ. ಹಿಂದಿ ಮರಾಠಿಯ ತರಬೇತಿಯಲ್ಲಿ ಅರ್ಧ ಅರ್ಥವಾಗಿ ಅರ್ಧ ಬಿಟ್ಟುಹೋಗುವುದು ಇಂಥ ಅಂಕಿಗಳೇ.

ಎಂಟು ಸೆಟ್ ಬೇಕು, ಹಣ ಎರಡಕ್ಕೇ ಇದೆ ಎಂದಾದರೆ ಎರಡನ್ನೇ ಕೊಳ್ಳಿ. ಕಂಪನಿಯ ಅಧಿಕೃತ ವಿತರಕರಿಂದ, ಸಿಲಿಂಡರಿನ ಕ್ರಮಸಂಖ್ಯೆ ಬರೆದ ಬಿಲ್ಲು, ಪೆಸೊ ಅನುಮೋದನೆ ಪತ್ರದ ಪ್ರತಿ, ಹೈಡ್ರೋ ಟೆಸ್ಟ್ ಪ್ರಮಾಣಪತ್ರ, ಈ ಮೂರೂ ಕೈಗೆ ಬಂದ ಮೇಲೆ. ಪ್ರಮಾಣಪತ್ರದ ಸಂಖ್ಯೆಯೂ ಲೋಹದ ಮೇಲಿನ ಸಂಖ್ಯೆಯೂ ಒಂದೇ ಇರಬೇಕು. ಇಬ್ಬರು ಒಳಗೆ ಹೋಗುವುದಾದರೆ ಹೊರಗೆ ಇನ್ನಿಬ್ಬರು ಸೆಟ್ ಕಟ್ಟಿ ನಿಂತಿರಬೇಕು ಎಂಬುದು ಸರಿಯಾದ ಕ್ರಮ. ಎರಡೇ ಸೆಟ್ ಇರುವ ತಂಡ ಒಳಗೆ ಹೋಗುವಂತಿಲ್ಲ. ನೀರು ಹೊಡೆದು ತಣಿಸುತ್ತ, ಜನರನ್ನು ಗಾಳಿ ಬೀಸುವ ದಿಕ್ಕಿನಿಂದ ಪಕ್ಕಕ್ಕೆ ಸರಿಸುತ್ತ, ಅಗ್ನಿಶಾಮಕ ದಳ ಬರುವವರೆಗೆ ಹೊರಗೇ ಇರಬೇಕು. ಎಂಟು ಹಳದಿ ಸೆಟ್ ಗೋಡೆಗೆ ತೂಗುತ್ತಿದ್ದರೆ ಹುಡುಗರು ಹೊರಗೆ ನಿಲ್ಲುವುದಿಲ್ಲ, ನುಗ್ಗುತ್ತಾರೆ. ಸೆಟ್ಟೇ ಇಲ್ಲದಿರುವುದಕ್ಕಿಂತ ಕೆಟ್ಟ ಸೆಟ್ ಇರುವುದು ಹೆಚ್ಚು ಅಪಾಯಕಾರಿಯಾಗುವುದು ಹೀಗೆ.

ಈಗಾಗಲೇ ಇಂಥ ಮಾಲು ತಂದಿಟ್ಟಿದ್ದರೆ ಇವತ್ತೇ ಗೋಡೆಯಿಂದ ಇಳಿಸಿ, ಕೆಂಪು ಚೀಟಿ ಕಟ್ಟಿ, ಬೇರೆ ಕೋಣೆಯಲ್ಲಿ ಬೀಗ ಹಾಕಿಡಿ. ಬಯಲಿನಲ್ಲಿ, ಸಿಲಿಂಡರನ್ನು ಉರುಳದಂತೆ ಕಟ್ಟಿ, ವಾಲ್ವನ್ನು ಕೂದಲೆಳೆಯಷ್ಟು ತೆರೆದು ಗಾಳಿ ಪೂರ್ತಿ ಹೋಗಲು ಬಿಡಿ. ಸದ್ದು ನಿಂತಿತೆಂದು ವಾಲ್ವ್ ಬಿಚ್ಚಲು ಹೋಗಬೇಡಿ, ಅದು ಟೆಸ್ಟ್ ಸ್ಟೇಷನ್ನಿನವರ ಕೆಲಸ. ಸಿಲಿಂಡರ್ ಕತ್ತರಿಸಿ ನಿರುಪಯೋಗಿ ಮಾಡಿಕೊಡಿ ಎಂದು ಅವರಿಗೇ ಒಪ್ಪಿಸಿ, ಮಾಡಿದ್ದಕ್ಕೆ ಬರಹದಲ್ಲಿ ರಸೀದಿ ಕೇಳಿ. ಕೊಟ್ಟ ಹಣದಲ್ಲಿ ಅಷ್ಟಾದರೂ ಬರಲಿ ಎಂದು ಭಂಗಾರದವನಿಗೆ ತೂಕಕ್ಕೆ ಹಾಕಬೇಡಿ, ಹೊಸ ಸ್ಪ್ರೇ ಹೊಡೆದು ಅದೇ ಸೆಟ್ ತಳೋಜಾದ ಇನ್ಯಾವುದೋ ತಂಡಕ್ಕೆ ಹೋಗುತ್ತದೆ. ಮಾಸ್ಕಿನ ಪಟ್ಟಿಗಳನ್ನು ಕತ್ತರಿಸಿ, ಗಾಜಿಗೆ ಡ್ರಿಲ್ಲಿನಿಂದ ತೂತು ಹಾಕಿ, ಗಾಳಿಯ ಕೊಳವೆಯನ್ನು ಎರಡು ಕಡೆ ಕೊಯ್ದು, ಆಮೇಲೆ ಕಸಕ್ಕೆ ಹಾಕಿ.