ಮರಿ ವ್ಯೂ-ಶೋವೆ ಅವರ ‘ಲವ್, ಆಂಗರ್, ಮ್ಯಾಡ್‌ನೆಸ್’: ಓದಿ ವಾರ ಆಯ್ತು, ಇನ್ನೂ ತಲೆಯಿಂದ ಹೋಗ್ತಿಲ್ಲ

ಹೈಟಿ ದೇಶದ ಪುಸ್ತಕ ಇದು, ಮೂರು ಬೇರೆ ಬೇರೆ ನೀಳ್ಗತೆ ಒಟ್ಟಿಗೆ ಇದಾವೆ. ಫ್ರೆಂಚಲ್ಲಿ ಬಂದಿದ್ದು 1968ರಲ್ಲಿ, ನಾನು ಓದಿದ್ದು 2009ರ ಇಂಗ್ಲಿಷ್ ಅನುವಾದ. ಮೊದಲನೇ ಕತೆ ಒಂದಕ್ಕೇ ಕೊಟ್ಟ ದುಡ್ಡು ವಸೂಲು.

ಕ್ಲೇರ್‌ಗೆ 39 ವರ್ಷ, ಮದುವೆ ಆಗಿಲ್ಲ, ಮೂವರು ಅಕ್ಕತಂಗೀರಲ್ಲಿ ದೊಡ್ಡೋಳು. ದೊಡ್ಡ ಮನೆತನ, ಉಳಿದೋರೆಲ್ಲ ಬೆಳ್ಳಗೆ, ಇವಳೊಬ್ಬಳೇ ಕಪ್ಪು. ಹೆಣ್ಣು ನೋಡೋಕೆ ಬಂದಾಗ "ಹುಡುಗಿ ಬಣ್ಣ ಸ್ವಲ್ಪ ಕಮ್ಮಿ" ಅನ್ನೋ ಮಾತು ಕೇಳಿಸ್ಕೊಂಡೋರಿಗೆ ಅವಳ ಸಿಟ್ಟು ತಟ್ಟಂತ ಅರ್ಥ ಆಗತ್ತೆ. ತಂಗಿ ಗಂಡನ ಮೇಲೆ ಮನಸ್ಸು, ಯಾರ ಹತ್ರನೂ ಬಾಯಿ ಬಿಡೋ ಹಾಗಿಲ್ಲ, ರೂಮಿನ ಬಾಗಿಲು ಹಾಕ್ಕೊಂಡು ಡೈರಿ ಬರೀತಾಳೆ, ಬೊಂಬೆ ತಬ್ಕೊಂಡು ಕೂರ್ತಾಳೆ, ಹೊರಗಡೆ ಊರೂ ಹಂಗೇ ಬಾಯಿ ಮುಚ್ಕೊಂಡು ಕೂತಿದೆ. ಯಾಕಂದ್ರೆ ಅಲ್ಲಿ ಕಾಲೆದೂ ಅನ್ನೋ ಕಮಾಂಡೆಂಟ್ ಇದಾನೆ, ಅವನೂ ಕಪ್ಪು, ಮೇಲ್ವರ್ಗದೋರ ಮೇಲಿನ ಹಗೆನ ಅವರ ಹೆಂಗಸರ ಮೈ ಮೇಲೆ ತೀರಿಸ್ಕೋತಾನೆ. ಡೋರಾ ಅನ್ನೋ ನೆರೆಮನೆಯವಳು ಜೈಲಿಂದ ಬಂದ್ಮೇಲೆ ಕಾಲು ಅಗಲ ಇಟ್ಕೊಂಡು ನಡೀತಾಳೆ, ಅವಳನ್ನ ಕಂಡ್ರೆ ಜನ ದೂರ ಸರೀತಾರೆ. ಅಲ್ಲಿಗೆ ನಾನು ಪುಸ್ತಕ ಮುಚ್ಚಿಟ್ಟು ಎದ್ದು ಹೋದೆ, ಆವತ್ತು ಮತ್ತೆ ಮುಟ್ಟಲಿಲ್ಲ.

ಕತೆ ನಡೆಯೋದು 1939ರಲ್ಲಿ, ಆದ್ರೆ ಪುಸ್ತಕ ಬಂದಾಗ ಹೈಟಿನ ಆಳ್ತಿದ್ದೋನು ಫ್ರಾಂಸ್ವಾ ಡುವಾಲಿಯೇ, 1964ರಿಂದ ಸಾಯೋ ತನಕ ತಾನೇ ಅಧ್ಯಕ್ಷ ಅಂತ ಮಾಡ್ಕೊಂಡೋನು. ಬಣ್ಣದ ಹಗೆನ ರಾಜಕೀಯಕ್ಕೆ ಬಳಸ್ಕೊಂಡೋನೂ ಅವನೇ, ಹಂಗಾಗಿ ಕಾಲೆದೂ ಯಾರ ನೆರಳು ಅಂತ ಅಲ್ಲಿಯೋರಿಗೆ ಯಾರೂ ಬಿಡಿಸಿ ಹೇಳ್ಬೇಕಿರ್ಲಿಲ್ಲ. ಮನೆಯೋರಿಗೆ ಏನಾದ್ರೂ ಆಗ್ಬಿಡತ್ತೆ ಅಂತ ಲೇಖಕಿ ಗಂಡನೇ ಹೈಟಿಲಿದ್ದ ಪ್ರತಿಗಳನ್ನ ಕೊಂಡು ನಾಶ ಮಾಡಿದ್ರಂತೆ. ಆಕೆ ನ್ಯೂಯಾರ್ಕ್‌ಗೆ ಹೋದ್ರು, 1973ರಲ್ಲಿ ಅಲ್ಲೇ ತೀರ್ಕೊಂಡ್ರು. ಇದನ್ನ ಓದಿ ನಂಗೆ ಹೊಟ್ಟೆ ತೊಳಸಿದಂಗಾಯ್ತು, ಎಂಥಾ ಪುಸ್ತಕ, ಓದ್ಬೇಕಾದೋರ ಕೈಗೇ ಸಿಗದಂಗೆ ಆಯ್ತಲ್ಲ.

ಎರಡನೇ ಕತೇಲಿ ಕಪ್ಪು ಯೂನಿಫಾರ್ಮಿನೋರು ಒಂದು ಕುಟುಂಬದ ಜಮೀನಿಗೆ ಗೂಟ ಹೊಡೀತಾರೆ, ಅದನ್ನ ಬಿಡಿಸ್ಕೊಳೋಕೆ ಮಗಳು ರೋಸ್ ತನ್ನ ಮೈನೇ ಕೊಡ್ಬೇಕಾಗತ್ತೆ, ಮನೆಯೋರಿಗೆ ಗೊತ್ತಿದ್ರೂ ಗೊತ್ತಿಲ್ಲದಂಗೆ ಇರ್ತಾರೆ. ಕಾಲೆದೂಗಿಂತ ಆ ಸುಮ್ಮನಿರೋದೇ ನಂಗೆ ಜಾಸ್ತಿ ಹಿಂಸೆ ಅನ್ನಿಸ್ತು. ಮೂರನೇದು ಗುಡಿಸಲಲ್ಲಿ ಅಡಗಿರೋ ಕವಿಗಳ ಕತೆ, ಯಾವುದು ನಿಜ ಯಾವುದು ಭ್ರಮೆ ಗೊತ್ತಾಗಲ್ಲ, ನಂಗೆ ಎಳೆದಂಗಾಯ್ತು, ಅರ್ಧ ಸ್ಟಾರ್ ಕಟ್ ಮಾಡಿದ್ದು ಅದಕ್ಕೇ.

5ಕ್ಕೆ 4.5. ಮುನ್ನುಡಿನ ಕೊನೆಗೆ ಓದಿ, ಸೀದಾ ಕ್ಲೇರ್ ಡೈರಿಯಿಂದ ಶುರು ಮಾಡಿ.