2017ರ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ, ರ‍್ಯಾಮ್: ಮೂರೂವರೆ ವರ್ಷದ ಲೆಕ್ಕ

ನಮ್ಮ ಮನೆ ಇರುವುದು ಮುಂಬಯಿ ಹೊರವಲಯದ ಡೊಂಬಿವಲಿಯಲ್ಲಿ. ಫೋರ್ಟ್ ಮತ್ತು ಮಾಟುಂಗಾ ಕಡೆಯ ನಾಲ್ಕು ಉಡುಪಿ ಹೋಟೆಲುಗಳ ಲೆಕ್ಕ ಬರೆಯುವುದು ನನ್ನ ಕೆಲಸ. ತಿಂಗಳಲ್ಲಿ ಎರಡು ತಾರೀಕು ನನಗೆ ಮುಖ್ಯ. 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ, ಎರಡೂ ಸರ್ಕಾರಕ್ಕೆ ಸಲ್ಲಿಸುವ ಜಿಎಸ್‌ಟಿ ರಿಟರ್ನ್. ಆ ದಿನ ಲ್ಯಾಪ್‌ಟಾಪ್ ಕೈಕೊಟ್ಟರೆ ಲೇಟ್ ಫೀ ಕಟ್ಟುವವರು ಹೋಟೆಲಿನವರು, ಉತ್ತರ ಹೇಳಬೇಕಾದವಳು ನಾನು. ಅದಕ್ಕೇ ಈ ವಿಷಯ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

ನನ್ನದು 2017ರಲ್ಲಿ ಕೊಂಡ 15.6 ಇಂಚಿನ ಲ್ಯಾಪ್‌ಟಾಪ್. ಇಂಟೆಲ್ ಐ5-7200ಯು ಪ್ರೊಸೆಸರ್, 4 ಜಿಬಿ ರ‍್ಯಾಮ್ (ತೆರೆದಿರುವ ಕೆಲಸ ಇಟ್ಟುಕೊಳ್ಳುವ ಮೆಮೊರಿ), 1 ಟಿಬಿ ಹಾರ್ಡ್ ಡಿಸ್ಕ್. ಮೊದಲೆರಡು ವರ್ಷ ಚೆನ್ನಾಗೇ ಓಡಿತು. 2022ರ ಹೊತ್ತಿಗೆ ಬೆಳಿಗ್ಗೆ ಬಟನ್ ಒತ್ತಿ, ಕುಕ್ಕರ್ ಇಟ್ಟು, ಮೂರು ಸೀಟಿ ಆದ ಮೇಲೆ ಬಂದು ಕೂತರೂ ಕ್ರೋಮ್ ತೆರೆದಿರುತ್ತಿರಲಿಲ್ಲ. ಒಮ್ಮೆ ಗಡಿಯಾರ ಹಿಡಿದು ನೋಡಿದೆ. ಕೆಲಸಕ್ಕೆ ಬರುವಷ್ಟು ಆಗಲು ಆರು ನಿಮಿಷ.

ಅಕ್ಕನ ಮಗ ಆಗ ನಮ್ಮಲ್ಲೇ ಇದ್ದು ಓದುತ್ತಿದ್ದ. "ಚಿಕ್ಕಮ್ಮ, ಇದರ ಕಥೆ ಮುಗೀತು, ಹೊಸದು ತಗೊಳ್ಳಿ" ಅಂದ. ಹೊಸದಕ್ಕೆ 45 ಸಾವಿರವಾದರೂ ಬೇಕಿತ್ತು. ಅದಕ್ಕೂ ಮೊದಲು ಕಾಯಿಲೆ ಯಾವುದು ಅಂತ ತಿಳಿಯಬೇಕಲ್ವಾ? ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದೆ. ಲೆಕ್ಕ ಬರೆಯುವ ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ಪೋರ್ಟಲ್, ವಾಟ್ಸ್ಆ್ಯಪ್ ವೆಬ್, ಇಷ್ಟೇ ಓಡುತ್ತಿದ್ದದ್ದು. ಪ್ರೊಸೆಸರ್ ಶೇ. 20ನ್ನೂ ದಾಟಿರಲಿಲ್ಲ. ಮೆಮೊರಿ ಶೇ. 93. ಡಿಸ್ಕ್ ಮಾತ್ರ ಶೇ. 100ರಿಂದ ಇಳಿಯಲೇ ಇಲ್ಲ.

ಈ ಮೂರು ಅಂಕಿಯಲ್ಲೇ ಎಲ್ಲಾ ಇದೆ. ರ‍್ಯಾಮ್ ತುಂಬಿದಾಗ ವಿಂಡೋಸ್ ಅದರಲ್ಲಿದ್ದ ಒಂದಷ್ಟನ್ನು ಡಿಸ್ಕಿನ ಪೇಜ್ ಫೈಲಿಗೆ ಸಾಗಿಸುತ್ತದೆ, ಬೇಕಾದಾಗ ವಾಪಸ್ ತರುತ್ತದೆ. ಹಾರ್ಡ್ ಡಿಸ್ಕಿನ ಒಳಗೆ ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಒಂದೊಂದು ಸಣ್ಣ ತುಣುಕಿಗೂ ಅದರ ಹೆಡ್ ಸರಿದು, ತಟ್ಟೆಯ ಆ ಜಾಗ ಸುತ್ತಿ ಬರುವವರೆಗೆ ಕಾಯಬೇಕು. ಸೆಕೆಂಡಿಗೆ ಇಂಥ ನೂರು ಚಿಲ್ಲರೆ ಕೆಲಸ ಮುಗಿಸುವುದೂ ಅದಕ್ಕೆ ಕಷ್ಟ. ಹಾರ್ಡ್ ಡಿಸ್ಕಿನ ಬದಲು ಹಾಕುವ ಎಸ್‌ಎಸ್‌ಡಿಯಲ್ಲಿ ಡೇಟಾ ಚಿಪ್ಪುಗಳಲ್ಲಿರುತ್ತದೆ, ತಿರುಗುವುದು ಏನೂ ಇಲ್ಲ, ಅದು ಸೆಕೆಂಡಿಗೆ ಹತ್ತಾರು ಸಾವಿರ ಮುಗಿಸುತ್ತದೆ. ನನ್ನ ಪ್ರೊಸೆಸರ್ ನಿಧಾನ ಆಗಿರಲೇ ಇಲ್ಲ, ಕಾಯುತ್ತಾ ಕೂತಿತ್ತು.

ಟಾಸ್ಕ್ ಮ್ಯಾನೇಜರಿನಲ್ಲೇ ಮೆಮೊರಿ ಪುಟದಲ್ಲಿ ಎಷ್ಟು ಸ್ಲಾಟ್ ಬಳಕೆಯಲ್ಲಿದೆ ಅಂತ ತೋರಿಸುತ್ತದೆ. ನನ್ನದರಲ್ಲಿ ಎರಡರಲ್ಲಿ ಒಂದು. ಅಂದರೆ ಇನ್ನೊಂದು ಖಾಲಿ. ಅದನ್ನು ನೋಡಿ ನಿಜಕ್ಕೂ ಖುಷಿಯಾಯಿತು.

ಮುಂಬಯಿಯಲ್ಲಿ ಇಂಥದ್ದಕ್ಕೆಲ್ಲ ಲ್ಯಾಮಿಂಗ್ಟನ್ ರೋಡ್. ದಾದರಿನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿನಲ್ಲಿ ಇಳಿದು ನಡೆದರೆ ಆಯಿತು. ಮೊದಲ ಸಲ ಹೋದಾಗ ಒಂದು ಅಂಗಡಿಯವನು "ಮೇಡಂ, ಈಗ ಎಲ್ಲಾ ಎನ್‌ವಿಎಂಇ, ಇದೇ ಹಾಕಿ" ಅಂತ ಚೂಯಿಂಗ್ ಗಮ್ ಪಟ್ಟಿಯಂಥ ಒಂದು ಎಂ.2 ಎಸ್‌ಎಸ್‌ಡಿ ಕೊಟ್ಟ. ಮಾಡೆಲ್ ಯಾವುದು ಅಂತ ಕೇಳಲೇ ಇಲ್ಲ. ಮನೆಗೆ ಬಂದು ಹಿಂದಿನ ಮುಚ್ಚಳ ತೆಗೆದರೆ ಆ ಸ್ಲಾಟೇ ಇಲ್ಲ. ವಾಪಸ್ ತೆಗೆದುಕೊಂಡ, ಆದರೆ 300 ರೂಪಾಯಿ ಹಿಡಿದುಕೊಂಡ. ಇವತ್ತಿಗೂ ಬೇಜಾರಿದೆ. ನಿಮ್ಮ ಮಾಡೆಲಿನ ಸರ್ವೀಸ್ ಮ್ಯಾನ್ಯುಯಲ್ ಕಂಪನಿಯ ಜಾಲತಾಣದಲ್ಲಿ ಸಿಗುತ್ತದಾ ಅಂತ ಹುಡುಕಿ, ಓದಿ, ಆಮೇಲೆ ಅಂಗಡಿಗೆ ಹೋಗಿ.

ಕೊನೆಗೆ ತಂದದ್ದು ಕ್ರೂಶಿಯಲ್ ಎಂಎಕ್ಸ್500, 500 ಜಿಬಿ, ಹಳೇ ಡಿಸ್ಕಿನ ಜಾಗದಲ್ಲೇ ಕೂರುವ 2.5 ಇಂಚಿನ ಸಾಟಾ ಎಸ್‌ಎಸ್‌ಡಿ, 4,300 ರೂಪಾಯಿ. ಅದೇ ಕಂಪನಿಯ 8 ಜಿಬಿ ಡಿಡಿಆರ್4 ರ‍್ಯಾಮ್, 2,650 ರೂಪಾಯಿ. ಬಿಎಕ್ಸ್500 ಇನ್ನೂ ಅಗ್ಗ ಇತ್ತು. ಆದರೆ ಅದರಲ್ಲಿ ಡಿರ‍್ಯಾಮ್ ಕ್ಯಾಶ್ (ಕೆಲಸ ಚುರುಕಾಗಿಸುವ ಸಣ್ಣ ಮೆಮೊರಿ) ಇಲ್ಲ, ವಾರಂಟಿ 3 ವರ್ಷ. ಎಂಎಕ್ಸ್500ಕ್ಕೆ 5 ವರ್ಷ. ಇನ್ನೊಬ್ಬರ ಲೆಕ್ಕ ಇಡುವ ಮೆಷಿನ್ ಇದು, ಅಲ್ಲಿ ಉಳಿಸುವುದು ಬೇಡ ಅನ್ನಿಸಿತು.

ಬಿಚ್ಚುವ ಕೆಲಸ ಭಾನುವಾರ ಮಧ್ಯಾಹ್ನ. ಜೂನ್ ತಿಂಗಳು, ಹೊರಗೆ ಮಳೆ. ಹುಡುಗ ಮೊಬೈಲ್ ಟಾರ್ಚ್ ಹಿಡಿದ. ಒಂದು ಹಾಳೆಯ ಮೇಲೆ ಲ್ಯಾಪ್‌ಟಾಪಿನ ಹಿಂಭಾಗದ ಚಿತ್ರ ಬರೆದು, ಬಿಚ್ಚಿದ ಸ್ಕ್ರೂಗಳನ್ನು ಅದರದರ ಜಾಗದಲ್ಲೇ ಇಟ್ಟೆವು. ಹನ್ನೊಂದು ಸ್ಕ್ರೂ, ಅದರಲ್ಲಿ ಎರಡು ಗಿಡ್ಡ. ಮುಚ್ಚಳದ ಅಂಚಿಗೆ ಅವಧಿ ಮುಗಿದ ಎಟಿಎಂ ಕಾರ್ಡ್ ತೂರಿಸಿ ನಿಧಾನಕ್ಕೆ ಎಬ್ಬಿಸಿದೆವು. ಒಳಗೆ ಕೈ ಹಾಕುವ ಮೊದಲು ಬ್ಯಾಟರಿಯ ಕನೆಕ್ಟರ್ ಕಿತ್ತೆ. ಅದನ್ನು ಮರೆಯಬೇಡಿ. ಹಳೇ ಡಿಸ್ಕಿನ ಲೋಹದ ಚೌಕಟ್ಟಿನಲ್ಲೇ ಎಸ್‌ಎಸ್‌ಡಿ ಕೂತಿತು, ನಾಲ್ಕು ಸ್ಕ್ರೂ, ಅಷ್ಟೇ.

ರ‍್ಯಾಮ್ ಹಾಕಿ ಆನ್ ಮಾಡಿದರೆ ಪರದೆ ಕಪ್ಪು. ಕ್ಯಾಪ್ಸ್ ಲಾಕಿನ ದೀಪ ಮಿಣುಕುತ್ತಿದೆ. ಎದೆ ಧಸಕ್ ಅಂತು. ಇಬ್ಬರೂ ಮಾತಾಡಲಿಲ್ಲ. ಮತ್ತೆ ಬಿಚ್ಚಿ ನೋಡಿದರೆ ರ‍್ಯಾಮಿನ ಚಿನ್ನದ ಬಣ್ಣದ ಅಂಚು ಕೂದಲೆಳೆಯಷ್ಟು ಹೊರಗೇ ಕಾಣುತ್ತಿತ್ತು. ಅದನ್ನು ಓರೆಯಾಗಿ ಹಿಡಿದು ಪೂರ್ತಿ ಒಳಗೆ ತಳ್ಳಬೇಕು, ಆಮೇಲೆ ಕೆಳಗೆ ಒತ್ತಬೇಕು. ಎರಡು ಬದಿಯ ಕೊಕ್ಕೆಗಳೂ 'ಟಕ್' ಅನ್ನಬೇಕು. ಈ ಸಲ ಅಂದವು. 12 ಜಿಬಿ ಅಂತ ತೋರಿಸಿತು. 4 ಮತ್ತು 8 ಜೋಡಿ ಸರಿಯಲ್ಲ ಅಂತ ಕೆಲವರು ಹೆದರಿಸುತ್ತಾರೆ. ಇಂಟೆಲಿನ ಇಂಥ ಪ್ರೊಸೆಸರುಗಳು ಇದನ್ನು ನಿಭಾಯಿಸುತ್ತವೆ, ನನಗೆ ಒಂದು ದಿನವೂ ತೊಂದರೆ ಆಗಿಲ್ಲ. ಪೊಟ್ಟಣದ ಮೇಲೆ ರ‍್ಯಾಮಿನ ವೇಗ 2666 ಅಂತ ಇದ್ದರೂ ಈ ಪ್ರೊಸೆಸರಿನಲ್ಲಿ 2133ಕ್ಕೆ ಓಡುತ್ತದೆ, ಅದೂ ಸರಿಯೇ.

ಹಳೇ ಡಿಸ್ಕನ್ನು ಹಾಗೇ ಕ್ಲೋನ್ ಮಾಡೋಣ ಅಂದುಕೊಂಡಿದ್ದೆ. ಅರ್ಧದಲ್ಲಿ ಎರರ್ ಬಂತು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ, ಡಿಸ್ಕಿನ ಆರೋಗ್ಯ ತೋರಿಸುವ ತಂತ್ರಾಂಶ ಹಾಕಿ ನೋಡಿದರೆ ಎಚ್ಚರಿಕೆಯ ಹಳದಿ ಬಣ್ಣ, ಕೆಟ್ಟ ಸೆಕ್ಟರುಗಳು ಶುರುವಾಗಿದ್ದವು. ಇನ್ನು ಕೆಲವು ತಿಂಗಳು ಬಿಟ್ಟಿದ್ದರೆ ನಾಲ್ಕು ಹೋಟೆಲುಗಳ ಲೆಕ್ಕದ ಗತಿ ಏನಾಗುತ್ತಿತ್ತೋ. ಫೈಲುಗಳನ್ನು ಮಾತ್ರ ನಕಲು ಮಾಡಿಕೊಂಡು, ಪೆನ್‌ಡ್ರೈವಿನಿಂದ ವಿಂಡೋಸ್ 10 ಹೊಸದಾಗಿ ಹಾಕಿದೆವು. ಮದರ್‌ಬೋರ್ಡ್ ಅದೇ ಇದ್ದುದರಿಂದ ಕೀ ಕೇಳದೆ ತಾನೇ ಆ್ಯಕ್ಟಿವೇಟ್ ಆಯಿತು. ಟ್ಯಾಲಿ ಬಳಸುವವರಿಗೆ ಒಂದು ಮಾತು: ಹಳೇ ಡಿಸ್ಕ್ ಬಿಚ್ಚುವ ಮೊದಲೇ ಲೈಸೆನ್ಸ್ ಸರೆಂಡರ್ ಮಾಡಿ, ಆಮೇಲೆ ಹೊಸದರಲ್ಲಿ ಆ್ಯಕ್ಟಿವೇಟ್ ಮಾಡುವುದು ಸುಲಭ.

ಆರು ನಿಮಿಷ ಇದ್ದದ್ದು ಇಪ್ಪತ್ತು ಸೆಕೆಂಡಿಗೆ ಬಂತು. ಟ್ಯಾಲಿಯಲ್ಲಿ ಕಂಪನಿ ತೆರೆಯಲು ಮುಕ್ಕಾಲು ನಿಮಿಷ ಬೇಕಿತ್ತು, ಈಗ ಮೂರು ಸೆಕೆಂಡ್. ಮೂರೂವರೆ ವರ್ಷ ಆದ ಮೇಲೂ ಹಾಗೇ ಇದೆ, ಇದೇ ನನಗೆ ದೊಡ್ಡ ವಿಷಯ. ಇವತ್ತು ಬರೆಯುವ ಮೊದಲು ನೋಡಿದೆ: ಎಸ್‌ಎಸ್‌ಡಿಯ ಆರೋಗ್ಯ ಶೇ. 93, ಅದರ ಮೇಲೆ ಇಲ್ಲಿಯವರೆಗೆ ಒಟ್ಟು ಬರೆದದ್ದು 16 ಟಿಬಿ. ಈ 500 ಜಿಬಿ ಮಾಡೆಲಿಗೆ ಕಂಪನಿ ಹೇಳುವ ಮಿತಿ 180 ಟಿಬಿ. ನನ್ನಂಥವರ ಬಳಕೆಗೆ ಎಸ್‌ಎಸ್‌ಡಿ ಸವೆದು ಹೋಗುತ್ತದೆ ಅನ್ನುವ ಭಯ ಬೇಡ. ಇನ್ನೊಂದು ಲಾಭ ಲೋಕಲ್ ಟ್ರೇನಿನಲ್ಲಿ. ಬೆಳಗಿನ ಫಾಸ್ಟ್ ಗಾಡಿಯಲ್ಲಿ ಬ್ಯಾಗ್ ಎಷ್ಟು ಏಟು ತಿನ್ನುತ್ತದೆ ಅಂತ ಡೊಂಬಿವಲಿಯವರಿಗೆ ಹೇಳಬೇಕಾಗಿಲ್ಲ. ಒಳಗೆ ತಿರುಗುವ ತಟ್ಟೆ ಇಲ್ಲ ಅನ್ನುವ ನೆಮ್ಮದಿ ಇದೆ.

ಎಸ್‌ಎಸ್‌ಡಿ ಕೆಡುವಾಗ ಮಾತ್ರ ಕಟಕಟ ಸದ್ದು ಮಾಡಿ ಎಚ್ಚರಿಸುವುದಿಲ್ಲ. ಹೋದರೆ ಒಮ್ಮೆಲೇ ಹೋಗಬಹುದು, ಡೇಟಾ ಹಿಂದಕ್ಕೆ ಪಡೆಯುವುದೂ ಕಷ್ಟ. ಪ್ರತಿ ಶನಿವಾರ ಹೊರಗಿನ ಡ್ರೈವಿಗೆ ಬ್ಯಾಕಪ್ ತೆಗೆಯುತ್ತೇನೆ. ಹಳೇ ಹಾರ್ಡ್ ಡಿಸ್ಕನ್ನು ಕೇಸ್ ಹಾಕಿ ಬ್ಯಾಕಪ್ಪಿಗೆ ಇಟ್ಟುಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಹಳದಿ ತೋರಿಸಿದ ಡಿಸ್ಕನ್ನು ನಾನು ನಂಬಲಿಲ್ಲ, ಹೊಸದು ಕೊಂಡೆ.

ಬದಲಾಗದೆ ಉಳಿದದ್ದೂ ಇದೆ. ಪರದೆ ಅದೇ ಮಂಕು 1366×768. ದೊಡ್ಡ ಎಕ್ಸೆಲ್ ಹಾಳೆ ಲೆಕ್ಕ ಹಾಕುವಾಗ ಎರಡೇ ಕೋರಿನ ಪ್ರೊಸೆಸರ್ ಈಗಲೂ ಏದುಸಿರು ಬಿಡುತ್ತದೆ. ಬ್ಯಾಟರಿ 2023ರಲ್ಲಿ ಬೇರೆಯೇ ಹಾಕಿಸಬೇಕಾಯಿತು.

ನಿಜವಾದ ಗೋಡೆ ವಿಂಡೋಸಿನದು. ವಿಂಡೋಸ್ 11ಕ್ಕೆ ಇಂಟೆಲಿನ 8ನೇ ತಲೆಮಾರಿನ ಪ್ರೊಸೆಸರ್ ಬೇಕು. ನನ್ನದು 7ನೆಯದು, ಒಂದೇ ಮೆಟ್ಟಿಲು ಕೆಳಗೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ಹೆಸರು ಕೊಟ್ಟಿದ್ದೇನೆ, ಅದು 2026ರ ಅಕ್ಟೋಬರ್ 13ರ ತನಕ. ಇಷ್ಟು ಚೆನ್ನಾಗಿ ಓಡುವ ಮೆಷಿನನ್ನು ಹೀಗೆ ಹೊರಗಿಡುವುದು ನನಗೆ ಸರಿ ಕಾಣುವುದಿಲ್ಲ. ನಿಮ್ಮದೂ 7ನೇ ತಲೆಮಾರಿನದಾದರೆ ಖರ್ಚು ಮಾಡುವ ಮೊದಲು ಇದನ್ನು ಲೆಕ್ಕಕ್ಕೆ ಹಿಡಿಯಿರಿ. 8ನೆಯದು ಅಥವಾ ನಂತರದ್ದಾದರೆ ಧೈರ್ಯವಾಗಿ ಹಾಕಿಸಿ.

ಬೆಲೆ ನಾನು ಕೊಟ್ಟಷ್ಟೇ ಇರುತ್ತದೆ ಅಂದುಕೊಳ್ಳಬೇಡಿ. 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ವಿಪರೀತ ಏರಿತು, ಎಐ ಡೇಟಾ ಸೆಂಟರುಗಳು ಮೆಮೊರಿ ಎಲ್ಲಾ ಬಾಚಿಕೊಳ್ಳುತ್ತಿವೆ. ಮೈಕ್ರಾನ್ ಕಂಪನಿ ಕ್ರೂಶಿಯಲ್ ಹೆಸರಿನ ಚಿಲ್ಲರೆ ವ್ಯಾಪಾರವನ್ನೇ ಬಿಡುವುದಾಗಿ ಡಿಸೆಂಬರಿನಲ್ಲಿ ಹೇಳಿತು, ವಾರಂಟಿ ಮಾತ್ರ ನಡೆಸಿಕೊಡುತ್ತದಂತೆ. ಎರಡಕ್ಕೂ ದುಡ್ಡು ಇಲ್ಲವೆಂದರೆ ಎಸ್‌ಎಸ್‌ಡಿ ಮೊದಲು ಹಾಕಿಸಿ. ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿ ಆಮೇಲೂ ಶೇ. 90ರ ಮೇಲೇ ಇದ್ದರೆ ರ‍್ಯಾಮ್ ಹುಡುಕಿ. ಹಳೇ ಲ್ಯಾಪ್‌ಟಾಪಿನಿಂದ ತೆಗೆದ ಡಿಡಿಆರ್4 ರ‍್ಯಾಮ್ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುತ್ತದೆ. ತಂದ ರಾತ್ರಿಯೇ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ, ಎರರ್ ಬಂದರೆ ಮರುದಿನವೇ ವಾಪಸ್ ಕೊಡಿ.