ತೆಂಗಿನ ಮರ ಕಡಿಸುವ ಮುನ್ನ ವಿಮೆಯ ಕಾಗದವನ್ನು ಪೂರ್ತಿ ಓದಿ

ಮೈಸೂರಿನ ನಮ್ಮ ಮನೆಯ ಹಿತ್ತಲಿನಲ್ಲಿ ಪಕ್ಕದ ಮನೆಯ ಕಡೆಗೆ ವಾಲಿದ್ದ ಒಂದು ತೆಂಗಿನ ಮರವನ್ನು ಕಡಿಸಲು 2023ರ ಜೂನ್ ತಿಂಗಳಲ್ಲಿ ಒಬ್ಬ ಗುತ್ತಿಗೆದಾರರೊಂದಿಗೆ 9,000 ರೂಪಾಯಿಗೆ ಮಾತಾಡಿಕೊಂಡೆ. ಆ ದಿನ ನಡೆದ ಅವಘಡಕ್ಕಾಗಿ ನಾನು ಕೊನೆಗೆ ಕೊಟ್ಟ ಹಣ ನಾಲ್ಕೂವರೆ ಲಕ್ಷವನ್ನು ದಾಟಿತು. ನನ್ನ ಹಣಕ್ಕಿಂತ ಬಹಳ ದೊಡ್ಡ ನಷ್ಟವಾದದ್ದು ಮರ ಹತ್ತಿದ ಮೂವತ್ತೈದು ವರ್ಷದ ಆ ಮನುಷ್ಯನಿಗೆ. ಮನೆಯ ಮರಗಳನ್ನು ಕಡಿಸುವವರು, ಕೊಂಬೆ ಸವರಿಸುವವರು, ಕಾಯಿ ಕೀಳಿಸುವವರು ಎಲ್ಲರೂ ತಿಳಿದಿರಬೇಕಾದ ಕೆಲವು ಸಂಗತಿಗಳು ನನಗೆ ತಿಳಿದದ್ದು ಆತ ಬಿದ್ದ ಮೇಲೆ. ನಿಮಗೆ ಹಾಗಾಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ನಾನು ಏನನ್ನೂ ವಿಚಾರಿಸದೆ ಕೆಲಸ ಕೊಟ್ಟವಳಲ್ಲ. ಕೆಲಸದವರಿಗೆ ವಿಮೆ ಇದೆಯೇ ಎಂದು ಕೇಳಿದ್ದೆ. “ನಮ್ ಹುಡುಗ್ರಿಗೆಲ್ಲ ಇನ್ಶೂರೆನ್ಸ್ ಇದೆ ಅಮ್ಮಾವ್ರೆ, ನೀವೇನೂ ಯೋಚ್ನೆ ಮಾಡ್ಬೇಡಿ” ಎಂದ ಗುತ್ತಿಗೆದಾರರು ಪಾಲಿಸಿಯ ಮೊದಲ ಪುಟದ ಫೋಟೋವನ್ನು ವಾಟ್ಸಾಪ್‌ನಲ್ಲಿ ಕಳುಹಿಸಿದರು. ಅದರಲ್ಲಿ ಅವರ ಹೆಸರಿತ್ತು, ಅವಧಿಯೂ ಮುಗಿದಿರಲಿಲ್ಲ. ಅಷ್ಟು ನೋಡಿ ನೆಮ್ಮದಿಯಾದೆ. ಮುಂದಿನ ಪುಟಗಳನ್ನು ಕೇಳಬೇಕೆಂದು ನನಗೆ ಹೊಳೆಯಲಿಲ್ಲ.

ಬೆಳಿಗ್ಗೆ ಮೂವರು ಬಂದರು. ಒಬ್ಬಾತ ಕಾಲಿಗೆ ಹಗ್ಗದ ಕುಣಿಕೆ ಹಾಕಿಕೊಂಡು ಹತ್ತಿ, ಮೊದಲು ಗರಿಗಳನ್ನೂ ಕಾಯಿಗೊನೆಗಳನ್ನೂ ಇಳಿಸಿ, ಸುಳಿಯನ್ನು ತೆಗೆದು, ಆಮೇಲೆ ಕಾಂಡವನ್ನು ಮೇಲಿನಿಂದ ಎರಡೆರಡು ಅಡಿಯ ತುಂಡುಗಳಾಗಿ ಕೊಯ್ಯುತ್ತ ಬಂದ. ಪ್ರತಿ ತುಂಡಿಗೂ ಹಗ್ಗ ಬಿಗಿದು ಕೆಳಗಿನಿಂದ ಇಬ್ಬರು ಹಿಡಿದು ಇಳಿಸುತ್ತಿದ್ದರು. ಮಧ್ಯಾಹ್ನ ಎರಡರ ಹೊತ್ತಿಗೆ ಆ ಮರದ ಕೆಲಸ ಯಾವ ತೊಂದರೆಯೂ ಇಲ್ಲದೆ ಮುಗಿಯಿತು. ಗುತ್ತಿಗೆದಾರರು ಅದಕ್ಕೆ ಮೊದಲೇ ಇನ್ನೊಂದು ಕಡೆಯ ಕೆಲಸ ನೋಡಲು ಹೊರಟುಹೋಗಿದ್ದರು.

ಹಿತ್ತಲಿನ ಮೂಲೆಯಲ್ಲಿ ಇನ್ನೊಂದು ತೆಂಗಿನ ಮರವಿತ್ತು. ಸುಳಿ ಕೊಳೆತು ಒಣಗಿದ್ದ, ಅಷ್ಟೇನೂ ಎತ್ತರವಲ್ಲದ ಮರ. ಹೇಗೂ ಇವರು ಬಂದಿದ್ದಾರೆ, ಇದನ್ನೂ ಮುಗಿಸಿಬಿಡಲಿ ಎಂದುಕೊಂಡು, ಮರ ಹತ್ತಿದ್ದವನಿಗೆ ನೇರವಾಗಿ 1,500 ರೂಪಾಯಿ ಕೊಡುತ್ತೇನೆಂದು ಹೇಳಿದೆ. ಆತ ಒಪ್ಪಿದ. ಆ ಒಂದು ಮಾತೇ ಮುಂದೆ ನನ್ನ ವಿರುದ್ಧದ ಮುಖ್ಯ ಸಾಕ್ಷ್ಯವಾಯಿತು. ಒಣಗಿದ ಕಾಂಡದ ಮೇಲ್ಭಾಗ ಒಳಗೆ ಟೊಳ್ಳಾಗಿತ್ತೆಂಬುದು ಕೆಳಗಿನಿಂದ ಯಾರಿಗೂ ಕಾಣುವಂತಿರಲಿಲ್ಲ. ಆತ ಸೊಂಟದ ಹಗ್ಗವನ್ನು ಬಿಗಿದಿದ್ದು ಅದೇ ಭಾಗಕ್ಕೆ. ಕಾಂಡ ಮುರಿದು, ಸುಮಾರು ಹದಿನೈದು ಅಡಿ ಎತ್ತರದಿಂದ ಆತ ಕಾಂಪೌಂಡಿನ ಬುಡಕ್ಕೆ ಬಿದ್ದ. ಮುರಿದ ತುಂಡು ಪಕ್ಕದ ಮನೆಯ ತಗ್ಗಿನ ತಾರಸಿಯ ಮೇಲಿದ್ದ ಸೋಲಾರ್ ವಾಟರ್ ಹೀಟರ್‌ಗೆ ಬಡಿಯಿತು. ಒಡೆದ ಗಾಜಿನ ಕೊಳವೆಗಳಿಂದ ಬಿಸಿನೀರು ಗೋಡೆಯ ಮೇಲೆ ಇಳಿಯುತ್ತಿದ್ದುದು, ಕೆಳಗೆ ಆತ “ಕಾಲು ಗೊತ್ತಾಗ್ತಿಲ್ಲ” ಎನ್ನುತ್ತಿದ್ದುದು ಇಂದಿಗೂ ಕಣ್ಣಮುಂದಿದೆ.

ಬೆನ್ನುಮೂಳೆಗೂ ಎಡಗಾಲಿನ ಹಿಮ್ಮಡಿಗೂ ಪೆಟ್ಟಾಗಿತ್ತು. ಆಸ್ಪತ್ರೆಯ ವೆಚ್ಚ 2,86,000 ರೂಪಾಯಿ. ಅದರಲ್ಲಿ 2,00,000 ನಾನು ಕಟ್ಟಿದೆ, ಉಳಿದದ್ದನ್ನು ಗುತ್ತಿಗೆದಾರರು ಕಟ್ಟಿದರು. ಆಸ್ಪತ್ರೆಯಿಂದ ಮಾಹಿತಿ ಹೋಗಿ ಪೊಲೀಸರು ನಿರ್ಲಕ್ಷ್ಯದಿಂದ ತೀವ್ರ ಗಾಯವಾದ ಪ್ರಕರಣವೆಂದು ಆಗಿನ ಭಾರತೀಯ ದಂಡ ಸಂಹಿತೆಯ 338ನೇ ಕಲಂ ಅಡಿಯಲ್ಲಿ ದೂರು ದಾಖಲಿಸಿಕೊಂಡರು, ನನ್ನ ಹೇಳಿಕೆಯನ್ನೂ ಪಡೆದರು.

ಗುತ್ತಿಗೆದಾರರ ವಿಮಾ ಕಂಪನಿ ಪರಿಹಾರವನ್ನು ನಿರಾಕರಿಸಿತು. ಪಾಲಿಸಿಯ ಎರಡನೆಯ ಪುಟದಲ್ಲಿ ಕೆಲಸದ ಸ್ವರೂಪ “ತೋಟದ ನಿರ್ವಹಣೆ” ಎಂದಿತ್ತು, ಎತ್ತರದಲ್ಲಿ ಮಾಡುವ ಕೆಲಸವನ್ನು ಹೊರಗಿಡಲಾಗಿತ್ತು. ಹುಲ್ಲು ಕತ್ತರಿಸಿ ಗಿಡಕ್ಕೆ ನೀರು ಹಾಕುವವರಿಗೆಂದು ಕಡಿಮೆ ಪ್ರೀಮಿಯಂ ಕಟ್ಟಿ ಪಡೆದ ಪಾಲಿಸಿ ಅದು. ಕಾರ್ಮಿಕರ ಪರಿಹಾರದ ವಿಮೆಯಲ್ಲಿ ಯಾವ ಕೆಲಸ, ಎಷ್ಟು ಜನ, ಎಷ್ಟು ಕೂಲಿ ಎಂದು ಬರೆಸಿರುತ್ತಾರೋ ಅದಕ್ಕೆ ಮಾತ್ರ ರಕ್ಷಣೆ ಸಿಗುತ್ತದೆ. ಇನ್ನು ಗುತ್ತಿಗೆದಾರರು ‘ಎಲ್ಲರಿಗೂ ಇದೆ’ ಎಂದ ಇನ್ಶೂರೆನ್ಸ್ ಯಾವುದೆಂದರೆ, ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ. ಅಪಘಾತದಲ್ಲಿ ಸಾವಾದರೆ 2 ಲಕ್ಷ ಕೊಡುವ ಒಳ್ಳೆಯ ಯೋಜನೆಯೇ ಅದು. ಆದರೆ ಅದು ಆಸ್ಪತ್ರೆಯ ವೆಚ್ಚವನ್ನು ಭರಿಸುವುದಿಲ್ಲ, ಕೆಲಸ ಕೊಟ್ಟವರ ಹೊಣೆಯನ್ನು ಕಿಂಚಿತ್ತೂ ಕಡಿಮೆ ಮಾಡುವುದಿಲ್ಲ.

ನನ್ನ ಮನೆಗೆ ‘ಭಾರತ್ ಗೃಹ ರಕ್ಷಾ’ ಪಾಲಿಸಿ ಇತ್ತು. ಮರ ಬಿದ್ದು ನನ್ನ ಕಟ್ಟಡಕ್ಕೆ ಹಾನಿಯಾದರೆ ಆ ಪಾಲಿಸಿಯಲ್ಲಿ ರಕ್ಷಣೆ ಇದೆ. ಆದರೆ ಪಕ್ಕದ ಮನೆಯ ಹಾನಿಗಾಗಲಿ, ನಮ್ಮಲ್ಲಿ ಕೆಲಸಕ್ಕೆ ಬಂದವನ ಗಾಯಕ್ಕಾಗಲಿ ಅದು ಒದಗುವುದಿಲ್ಲ. ಸೋಲಾರ್ ಹೀಟರ್‌ನ 42,000 ರೂಪಾಯಿಯನ್ನು ನಾನೇ ಕೊಟ್ಟೆ.

ಐದು ತಿಂಗಳ ಬಳಿಕ ನೋಟಿಸ್ ಬಂತು. 1923ರ ನೌಕರರ ನಷ್ಟ ಪರಿಹಾರ ಕಾಯ್ದೆಯಡಿ ಹೂಡಿದ ಪ್ರಕರಣದಲ್ಲಿ ಗುತ್ತಿಗೆದಾರರು ಒಂದನೆಯ ಎದುರುದಾರರು, ನಾನು ಎರಡನೆಯವಳು. ಮನೆಯೊಡತಿಯಾದ ನಾನು ಹೇಗೆ ಮಾಲೀಕಳಾಗುತ್ತೇನೆ ಎಂದು ವಕೀಲರನ್ನು ಕೇಳಿದೆ. ಅವರು ವಿವರಿಸಿದ ರೀತಿ ಹೀಗಿದೆ. ಗುತ್ತಿಗೆದಾರನ ಆಳಿಗೆ ಗಾಯವಾದರೆ ಕೆಲಸ ವಹಿಸಿದವರನ್ನೂ ಹೊಣೆಗಾರರನ್ನಾಗಿಸುವ 12ನೇ ಕಲಂ, ಆ ಕೆಲಸ ವಹಿಸಿದವರ ವ್ಯಾಪಾರ ಅಥವಾ ವ್ಯವಹಾರದ ಭಾಗವಾಗಿದ್ದಾಗ ಅನ್ವಯಿಸುತ್ತದೆ. ಮನೆಯ ಹಿತ್ತಲಿನ ಮರಕ್ಕೆ ಅದನ್ನು ಅನ್ವಯಿಸುವುದು ಕಷ್ಟ. ಮೊದಲ ಮರದಲ್ಲಿ ಅವಘಡವಾಗಿದ್ದರೆ ಈ ವಾದ ನನ್ನನ್ನು ಕಾಯುತ್ತಿತ್ತೇನೋ. ಆದರೆ ಎರಡನೆಯ ಮರಕ್ಕೆ ಆತನನ್ನು ನೇರವಾಗಿ ನೇಮಿಸಿದವಳು ನಾನು, ಕೂಲಿ ಗೊತ್ತುಮಾಡಿದವಳೂ ನಾನು. ಆಕಸ್ಮಿಕವಾಗಿ ಒಂದು ದಿನದ ಕೆಲಸಕ್ಕೆ ಬಂದವರನ್ನು ಕಾಯ್ದೆಯಿಂದ ಹೊರಗಿಡುತ್ತಿದ್ದ ಮಾತುಗಳನ್ನು 2000ದ ತಿದ್ದುಪಡಿಯಲ್ಲೇ ತೆಗೆದುಹಾಕಲಾಗಿದೆ. ಮರ ಕಡಿಯುವ ಕೆಲಸವಂತೂ ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿ ಹೆಸರಿಸಿದ ಕೆಲಸಗಳಲ್ಲಿ ಒಂದು. ಗುತ್ತಿಗೆದಾರರೂ “ಎರಡನೆಯ ಮರ ನನ್ನ ಗುತ್ತಿಗೆಯಲ್ಲಿ ಇರಲಿಲ್ಲ” ಎಂದು ಲಿಖಿತವಾಗಿಯೇ ಹೇಳಿದರು. ಅದು ನಿಜವೂ ಆಗಿತ್ತು.

ಪರಿಹಾರದ ಲೆಕ್ಕವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದು ಸಾವಿರಗಳ ಮಾತೆಂದು ಹಲವರು ತಿಳಿದಿದ್ದಾರೆ. 2020ರ ಜನವರಿಯಿಂದ ಈ ಲೆಕ್ಕಕ್ಕೆ ಹಿಡಿಯುತ್ತಿದ್ದ ಮಾಸಿಕ ಕೂಲಿಯ ಮಿತಿ 15,000 ರೂಪಾಯಿ. ಸಂಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ ಅದರ ಶೇಕಡಾ 60ರಷ್ಟನ್ನು, ಅಂದರೆ 9,000ವನ್ನು, ವಯಸ್ಸಿಗೆ ತಕ್ಕ ಅಂಶದಿಂದ ಗುಣಿಸುತ್ತಾರೆ. ಮೂವತ್ತೈದು ವರ್ಷಕ್ಕೆ ಆ ಅಂಶ 197.06, ಮೊತ್ತ 17,73,540 ರೂಪಾಯಿ. ಆತನ ದುಡಿಯುವ ಶಕ್ತಿ ಶೇಕಡಾ 25ರಷ್ಟು ಕುಗ್ಗಿದೆಯೆಂದು ವೈದ್ಯರು ಪ್ರಮಾಣಪತ್ರ ನೀಡಿದ್ದರಿಂದ 4,43,385 ಆಯಿತು. ಆತ ಪ್ರಾಣ ಕಳೆದುಕೊಂಡಿದ್ದರೆ ಶೇಕಡಾ 50ರ ಲೆಕ್ಕದಲ್ಲಿ 14,77,950 ಆಗುತ್ತಿತ್ತು. ಒಂದು ತಿಂಗಳೊಳಗೆ ಕೊಡದಿದ್ದರೆ ಶೇಕಡಾ 12ರ ಬಡ್ಡಿ ಬೇರೆ. ಚಿಕಿತ್ಸೆಯ ವೆಚ್ಚ ಇದರಲ್ಲಿ ಸೇರುವುದಿಲ್ಲ, ಅದನ್ನು ಪ್ರತ್ಯೇಕವಾಗಿ ಭರಿಸಬೇಕು. ವಾದವನ್ನು ವರ್ಷಗಟ್ಟಲೆ ಎಳೆಯಲು ನನಗೆ ಮನಸ್ಸಾಗಲಿಲ್ಲ. ಗುತ್ತಿಗೆದಾರರೂ ನಾನೂ ಅರ್ಧರ್ಧ ಹೊರುವುದೆಂದು ರಾಜಿಯಾಯಿತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಕೆಲಸ ಕೊಟ್ಟವರ ಹೊಣೆ ಅದರಲ್ಲೂ ಮುಂದುವರಿದಿದೆ.

ಇಲ್ಲಿ ಇನ್ನೊಂದು ಅಪಾಯವನ್ನು ಹೇಳಲೇಬೇಕು. ಆಸ್ಪತ್ರೆಯಲ್ಲಿದ್ದಾಗಲೇ ನೆಂಟರೊಬ್ಬರು, ಒಂದಿಷ್ಟು ಹಣ ಕೊಟ್ಟು “ಮುಂದೆ ಏನನ್ನೂ ಕೇಳುವುದಿಲ್ಲ” ಎಂದು ಛಾಪಾ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ನನಗೆ ಸಲಹೆ ಕೊಟ್ಟಿದ್ದರು. ನೋವಿನಲ್ಲಿ ಮಲಗಿರುವ ಮನುಷ್ಯನಿಂದ ಹಾಗೆ ಬರೆಸಿಕೊಳ್ಳುವುದು ಅನ್ಯಾಯ. ಕಾನೂನಿನ ದೃಷ್ಟಿಯಲ್ಲಿ ಅದು ವ್ಯರ್ಥವೂ ಹೌದು, ಏಕೆಂದರೆ ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಒಪ್ಪಂದಕ್ಕೆ ಬೆಲೆಯಿಲ್ಲ. ಸಾವಿನ ಪ್ರಕರಣದಲ್ಲಂತೂ ಪರಿಹಾರವನ್ನು, ಆ ಕಾಯ್ದೆಯ ಪ್ರಕರಣಗಳನ್ನು ತೀರ್ಮಾನಿಸುವ ಆಯುಕ್ತರ ಬಳಿ ಠೇವಣಿ ಇಡಬೇಕಿತ್ತು. ಮನೆಯವರ ಕೈಗೆ ಕೊಟ್ಟದ್ದನ್ನು ಪರಿಹಾರವೆಂದು ಪರಿಗಣಿಸುತ್ತಿರಲಿಲ್ಲ. ನಮ್ಮ ರಾಜಿಯನ್ನೂ ಆಯುಕ್ತರ ಮುಂದೆಯೇ ನೋಂದಾಯಿಸಿದೆವು.

ಅರ್ಧ ಕಡಿದ ಮರವನ್ನು ತೆಗೆಸಲು ಬೇರೊಬ್ಬರನ್ನು ಹುಡುಕಿದೆ. ಈ ಸಲ ಪಾಲಿಸಿಯ ಎಲ್ಲ ಪುಟಗಳನ್ನೂ ತರಿಸಿಕೊಂಡೆ. ಮರ ಹತ್ತಿ ಕಡಿಯುವ ಕೆಲಸವೆಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆಯೇ, ಬರುವ ಜನರ ಸಂಖ್ಯೆ ಹೊಂದುತ್ತದೆಯೇ ಎಂದು ನೋಡಿ, ಪಾಲಿಸಿ ಸಂಖ್ಯೆಯನ್ನು ವಿಮಾ ಕಂಪನಿಯ ಶಾಖೆಗೇ ಹೇಳಿ ಚಾಲ್ತಿಯಲ್ಲಿದೆಯೆಂದು ಖಚಿತಪಡಿಸಿಕೊಂಡೆ. ನೆರೆಯವರ ಆಸ್ತಿಗಾಗುವ ಹಾನಿಗೆ ಸಾರ್ವಜನಿಕ ಹೊಣೆಯ ವಿಮೆ ಬೇರೆಯೇ ಬೇಕೆಂದು ಗೊತ್ತಿದ್ದರಿಂದ ಅದನ್ನೂ ಕೇಳಿದೆ. ಯಾವ ಮರ, ಯಾರ ಉಸ್ತುವಾರಿ, ಹಾನಿಯಾದರೆ ಯಾರ ಹೊಣೆ ಎಂಬುದನ್ನು ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ಹಣವನ್ನು ಗುತ್ತಿಗೆದಾರರ ಖಾತೆಗೆ ಮಾತ್ರ ಹಾಕಿದೆ. ಅಷ್ಟು ಗಿಡ್ಡ ಮರಕ್ಕೆ 13,000 ರೂಪಾಯಿ ಕೇಳಿದರು. ವಿಮೆಯ ಪ್ರೀಮಿಯಂ ಆ ದರದಲ್ಲೇ ಸೇರಿರುತ್ತದೆಂದು ಅರಿತು ಚೌಕಾಸಿ ಮಾಡಲಿಲ್ಲ. ಕಾಯಿ ಕೀಳಲು ಒಬ್ಬರೇ ಬರುವವರಿದ್ದರೆ, ತೆಂಗು ಅಭಿವೃದ್ಧಿ ಮಂಡಳಿಯ ‘ಕೇರ ಸುರಕ್ಷಾ’ ವಿಮೆ ಮಾಡಿಸಿದ್ದಾರೆಯೇ ಎಂದು ಕೇಳಿ, ಇಲ್ಲದಿದ್ದರೆ ಮಾಡಿಸಲು ನೆರವಾಗಿ.

ಕಳೆದ ವಾರ ನಮ್ಮ ಬೀದಿಯವರೊಬ್ಬರು ತೆಂಗಿನ ಮರ ಕಡಿಸುವುದಕ್ಕೆ ಮುನ್ನ ಪಾಲಿಸಿಯ ಪ್ರತಿ ತಂದು ತೋರಿಸಿದರು. ಕೆಲಸದ ವಿವರ ಸರಿಯಾಗಿತ್ತು, ಆದರೆ ಅವಧಿ ಎರಡು ತಿಂಗಳ ಹಿಂದೆ ಮುಗಿದಿತ್ತು. ನವೀಕರಿಸಿದ ಪಾಲಿಸಿ ಕೈಗೆ ಬರುವವರೆಗೆ ಅವರು ಕೆಲಸವನ್ನು ನಿಲ್ಲಿಸಿದ್ದಾರೆ.